ಉಡದಪ್ಪನ ಬಲಗೈ

ಸಿಂದಗಿಯ ನಮ್ಮ ಮನೆಯಲ್ಲಿ ಪಡಸಾಲೆಗೂ ಅಡುಗೆಮನೆಗೂ ನಡುವೆ ಬಾಗಿಲಿರಲಿಲ್ಲ, ಪರದೆಯಿತ್ತು. ಸವೆದ ಎರಡು ಇಳಕಲ್ ಸೀರೆಗಳನ್ನು ಜೋಡಿಸಿ ಫುಫು ಕೈಯಲ್ಲೇ ಹೊಲಿದ ಪರದೆ. ಅದರ ಈ ಕಡೆ ಅಬ್ಬಾ, ಅವರು ಒರಗಿ ಕೂರುತ್ತಿದ್ದ ಲೋಡು, ತೊಗರಿ ಮಾರಲು ಬಂದ ರೈತರು, ಅಡತಿ ಅಂಗಡಿಯ ಗೆಳೆಯರು. ಆ ಕಡೆ ಫುಫು, ಒಲೆ, ರೊಟ್ಟಿ ಬಡಿಯುವ ಸದ್ದು. ಚಹಾ ಸಿದ್ಧವಾದರೆ ಫುಫು ಬಸಿಯ ಮೇಲೆ ಚಮಚೆಯಿಂದ ಎರಡು ಸಲ ಬಡಿಯುತ್ತಿದ್ದಳು, ನಾನು ಓಡಿ ಹೋಗಿ ತರುತ್ತಿದ್ದೆ. ಈ ಕಡೆ ಆಡಿದ ಮಾತೆಲ್ಲ ಆ ಕಡೆ ಕೇಳುತ್ತಿತ್ತು. ಯಾವ ಊರಿನ ತೊಗರಿಯಲ್ಲಿ ಹುಳ ಬಿದ್ದಿದೆ, ಯಾರ ಮಗಳ ಸಂಬಂಧ ಮುರಿಯಿತು, ಎಲ್ಲವೂ ಫುಫುವಿಗೆ ಗೊತ್ತಿರುತ್ತಿತ್ತು. ರಾತ್ರಿ ಉಣ್ಣುವಾಗ ಅಬ್ಬಾ ಯಾವುದೋ ವ್ಯಾಪಾರದ ಮಾತು ತೆಗೆದರೆ ಅವಳು ರೊಟ್ಟಿ ಹಾಕುತ್ತಾ, ಆ ಮನುಷ್ಯ ನಾಲ್ಕು ಮಾತಿಗೊಮ್ಮೆ ಆಣೆ ಹಾಕುತ್ತಾನೆ, ಅವನನ್ನು ನಂಬಬೇಡ ಎಂದು ಬಿಡುತ್ತಿದ್ದಳು. ಮಾರಿ ನೋಡದೆ ದನಿಯಿಂದಲೇ ಜನರನ್ನು ಅಳೆಯುವ ವಿದ್ಯೆ ಅವಳದು. ಅಬ್ಬಾ ಒಪ್ಪುತ್ತಿದ್ದರು, ಆದರೆ ಒಪ್ಪಿದೆ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಫುಫು ಅಬ್ಬಾ ಅವರ ಅಕ್ಕ. ಅವಳನ್ನು ಇಂಡಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೂ ಅಲ್ಲೇ ಮೈದುನನ ಮನೆಯಲ್ಲಿದ್ದಳು, ಮಕ್ಕಳಿರಲಿಲ್ಲ. ನಾನು ಅಂಬೆಗಾಲಿಡುತ್ತಿದ್ದಾಗ ನನ್ನ ಅಮ್ಮ ತೀರಿಹೋದಳು. ಆಗ ಒಂದು ಟ್ರಂಕು ಹಿಡಿದು ಬಸ್ಸು ಹತ್ತಿ ಬಂದ ಫುಫು ಇಲ್ಲೇ ಉಳಿದುಬಿಟ್ಟಳು. ನನಗೆ ತಾಯಿ ಎಂದರೆ ಅವಳೇ, ಮನೆ ಎಂದರೂ ಅವಳೇ. ನಾನು ಸ್ವಲ್ಪ ದೊಡ್ಡವಳಾದ ಮೇಲೆ ಅಬ್ಬಾ ಊರವರ ಮಾತಿಗೆ ಕಿವಿಗೊಡದೆ ನನ್ನನ್ನು ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದರು. ಅಲ್ಲಿ ಸಿಸ್ಟರ್‌ಗಳು ನನಗೆ ಗ್ರಾಮರ್ ಕಲಿಸಿದರು, ಹಿಮ್ಸ್ ಕಲಿಸಿದರು, ಟೇಬಲ್ ಮ್ಯಾನರ್ಸ್ ಕಲಿಸಿದರು. ಮೊದಲ ಬೇಸಿಗೆ ಸೂಟಿಗೆ ಬಂದಾಗ ಊಟಕ್ಕೆ ಹಾಸಿದ ದಸ್ತರಖಾನಿನ ಮುಂದೆ ಕೂತು, ಫೋರ್ಕ್ ಹಿಡಿಯುವುದು ಹೇಗೆಂದು ತೋರಿಸಲು ಚಮಚೆಯನ್ನು ಎಡಗೈಯಲ್ಲಿ ಎತ್ತಿ ಅನ್ನ ಬಾಯಿಗಿಟ್ಟೆ. ಫುಫುವಿನ ಕೈಯ ರೊಟ್ಟಿ ಅಲ್ಲೇ ನಿಂತಿತು.

"ಏ ಮುನ್ನಿ, ಎಡಗೈಲೆ ಉಣ್ಣಾಕ ಕಲಿಯಾಕ ಬೆಳಗಾಂವಿತನಕಾ ಹೋಗಬೇಕಾತೇನ? ನಮ್ಮ ಎಮ್ಮಿ ಕಾಯೋ ಹುಡುಗ ಇಲ್ಲೇ ಕಲಿಸ್ತಿದ್ದ."

"ಆಪಾ, ಅದು ಇಂಗ್ಲಿಷ್ ಪದ್ಧತಿ," ಅಂದರು ಅಬ್ಬಾ.

"ಇಂಗ್ಲಿಷರು ಹೋಗ್ಯಾರ. ಬಲಗೈ ಇನ್ನೂ ಐತಿ. ಅದರಲೆ ಉಣ್ಣು."

ಬಲಗೈ ಅವಳಿಗೆ ಬರೀ ಕೈಯಲ್ಲ. ಅನ್ನ ಮುಟ್ಟುವುದು, ಕೊಡುವುದು, ತಲೆ ಮುಟ್ಟಿ ಹರಸುವುದು ಎಲ್ಲ ಅದರಿಂದಲೇ. ಇದನ್ನು ಇಲ್ಲಿ ಹೇಳಿದ್ದೇಕೆಂದರೆ, ಆ ಮುಂದಿನ ಬೇಸಿಗೆಯ ಜಗಳ ಅರ್ಥವಾಗಬೇಕಾದರೆ ಬಲಗೈಯ ಈ ಬೆಲೆ ಗೊತ್ತಿರಬೇಕು.

ಬೇಸಿಗೆಯಲ್ಲಿ ತಂಬಿನ ಸಿನೆಮಾ ಬರುತ್ತಿತ್ತು. ಮುದ್ದೇಬಿಹಾಳ, ಬಸವನ ಬಾಗೇವಾಡಿ ಮುಗಿಸಿ ನಮ್ಮಲ್ಲಿಗೆ. ನಮ್ಮಲ್ಲಿ ಮುಗಿಸಿ ಇಂಡಿಗೆ. ಬಸ್ ಸ್ಟ್ಯಾಂಡಿನ ಆಚೆ ಬಯಲಿನಲ್ಲಿ ತಂಬು ಹೊಡೆಯುತ್ತಿದ್ದರು. ಗಂಡಸರು ತೆರೆಯ ಮುಂದೆ, ಮರಳಿನ ಮೇಲೆ, ಹಿಂದಿನ ಸಾಲಿನಲ್ಲಿ ಕೆಲವು ಕುರ್ಚಿ. ಹೆಂಗಸರಿಗೆ ಹಗ್ಗ ಕಟ್ಟಿ ಬೇರೆ ಮಾಡಿದ ಜಾಗ. ನಮ್ಮಂಥ ಮನೆತನಗಳ ಹೆಂಗಸರು ಮಾತ್ರ ತಂಬಿನ ಹಿಂಬಾಗಿಲಿನಿಂದ ಒಳಹೊಕ್ಕು ತೆರೆಯ ಹಿಂದೆ ಚಾಪೆ ಹಾಸಿ ಕೂರುತ್ತಿದ್ದರು. ತೆಳು ಬಟ್ಟೆಯ ತೆರೆ, ಹಿಂದಿನಿಂದಲೂ ಚಿತ್ರ ಕಾಣುತ್ತಿತ್ತು, ಸ್ವಲ್ಪ ಮಸುಕು ಅಷ್ಟೆ. ಪ್ರತಿ ಸಿನೆಮಾದ ಮೊದಲಿಗೆ ಬರುವ ಅಕ್ಷರಗಳು ಉಲ್ಟಾ ಇರುತ್ತಿದ್ದವು. ಆಗಷ್ಟೇ ಏಬಿಸಿಡಿ ಕಲಿತ ನಾನು, ಇದು ಇಂಗ್ಲಿಷ್ ಅಲ್ಲ, ಬೇರಾವುದೋ ದೇಶದ ಲಿಪಿ ಎಂದು ಬಹಳ ದಿನ ನಂಬಿದ್ದೆ. ಉಳಿದವರಿಗೆ ಅಕ್ಷರದ ಗೊಡವೆಯೇ ಇರಲಿಲ್ಲ. ಅಲ್ಲಿ ಕೂತವರಿಗೆ ಚಿತ್ರ ಇರುವುದೇ ಹಾಗೆ.

ಆ ವರ್ಷ ಬಂದದ್ದು ಪರದೇಶದ ಒಂದು ದೆವ್ವದಂಥ ಪ್ರಾಣಿಯ ಸಿನೆಮಾ. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು, ಊರವರು ಮೊದಲ ಆಟಕ್ಕೇ ಅದನ್ನು ಬಿಟ್ಟು ಉಡದಪ್ಪ ಎಂದು ಕರೆದರು. ಹೊಲದ ಬದುವಿನಲ್ಲಿ ಹರಿದಾಡುವ ಉಡವೇ ಎದ್ದು ಎರಡು ಕಾಲಿನ ಮೇಲೆ ನಿಂತ ಹಾಗೆ, ಎರಡು ಮಾಳಿಗೆಯಷ್ಟು ಎತ್ತರ, ರಬ್ಬರಿನ ಮೈ. ಬೆನ್ನಿನ ಮೇಲೆ ಝಿಪ್ ಚೆನ್ನಾಗಿ ಕಾಣುತ್ತಿತ್ತು. ಅದು ಊರು ಹೊಕ್ಕು ದೀಪದ ಕಂಬ ಕೀಳುವುದು, ಅಂಗಡಿಯ ಮೆಣಸಿನ ಚೀಲ ಹರಿದು ಸೀನುವುದು, ಆ ಸೀನಿಗೆ ಪೊಲೀಸರ ಟೋಪಿಗಳೆಲ್ಲ ಹಾರುವುದು. ಮಾತು ಯಾರಿಗೂ ತಿಳಿಯದ ಕಾರಣ ಮೈಕು ಹಿಡಿದ ಒಬ್ಬ ಮಾಸ್ತರ ತೆರೆಯ ಪಕ್ಕ ನಿಂತು ಕತೆ ಹೇಳುತ್ತಿದ್ದ. "ನೋಡ್ರಿ, ಈಗ ನಮ್ಮ ಉಡದಪ್ಪಗ ಹಸಿವಿ ಆಗೇತಿ. ಆ ದಪ್ಪನೆ ಸಾಹೇಬ ಓಡಾಕತ್ತಾನ, ಓಡೋ ನಮ್ಮಪ್ಪಾ, ಓಡು." ನಾನು ಫುಫುವಿನ ತೊಡೆಗೆ ಅಂಟಿ ಕೂತಿದ್ದೆ. ಅವಳು ಹೆದರಲಿಲ್ಲ. ಹೊಲಿಗೆ ಬಲ್ಲವಳು, ಅವಳ ಕಣ್ಣು ಪ್ರಾಣಿಯ ಮೊಣಕಾಲಿನ ಮೇಲಿತ್ತು.

"ಅಲ್ಲಿ ಹೊಲಿಗಿ ಬಿಟ್ಟೈತಿ ನೋಡು. ಪಾಪ, ಒಳಗ ಇದ್ದ ಮನಷ್ಯಾಗ ಎಷ್ಟು ಸೆಕಿ ಆಗಿರಬೇಕು."

ಆ ಮಾತು ಕೇಳಿದ ಮೇಲೆ ನನ್ನ ಹೆದರಿಕೆ ಹೋಯಿತು. ನಾನೂ ಆ ಒಳಗಿನ ಮನುಷ್ಯನನ್ನೇ ಹುಡುಕತೊಡಗಿದೆ. ಕೊನೆಗೆ ರೈಲ್ವೆ ಗೇಟು ಬಿದ್ದು ಉಡದಪ್ಪನ ಒಂದು ಕೈ ತುಂಡಾಯಿತು. ತುಂಡಾದ ಕೈ ಒಂದೇ ಓಡಾಡಿ ಒಬ್ಬ ಪೊಲೀಸನ ಕಪಾಳಕ್ಕೆ ಬಾರಿಸಿತು. ಉಡದಪ್ಪ ಅಳುತ್ತಾ ಕೆರೆಗೆ ಬಿದ್ದ. ನೀರಿನ ಮೇಲೆ ಒಂದು ಗುಳ್ಳೆ. ಮಾಸ್ತರ ಮೈಕಿನಲ್ಲಿ ಹೇಳಿದ, "ಸತ್ತಾನೋ ಬದಕ್ಯಾನೋ, ಎರಡನೇ ಭಾಗದಾಗ ನೋಡ್ರಿ. ಮುದ್ದೇಬಿಹಾಳದಾಗ ನಡದೈತಿ, ಇಲ್ಲಿಗೂ ಬರ್ತೈತಿ."

ಮರುದಿನ ಮಧ್ಯಾಹ್ನ ಊಟಕ್ಕೆ ಅಬ್ಬಾ ಅವರ ಜೊತೆ ಅಂಗಡಿಯ ಗೆಳೆಯರಿಬ್ಬರಿದ್ದರು. ಅವರೆಲ್ಲ ಮುಂದೆ ಕುರ್ಚಿಯಲ್ಲಿ ಕೂತು ನೋಡಿದವರು. ಪೊಲೀಸನ ಕಪಾಳದ ಮಾತು ತೆಗೆದು ನಗುತ್ತಿದ್ದರು. ಪರದೆಯ ಆ ಕಡೆಯಿಂದ ಫುಫು ಅಂದಳು:

"ನಗೂದೇನೈತಿ ಅದರಾಗ. ಬಲಗೈ ಹೋತು. ಇನ್ನ ಆ ಪ್ರಾಣಿ ಹೆಂಗ ಉಣ್ಣಬೇಕು?"

"ಬಲಗೈ ಅಲ್ಲ ಆಪಾ, ಎಡಗೈ. ಎಡಗೈ ಹೋದ್ರ ಏನಾತು, ಉಣ್ಣಾಕ ಇನ್ನೊಂದೈತಿ."

"ನಾ ಕಣ್ಣಾರೆ ನೋಡೇನಿ. ಬಲಗೈ."

ಗೆಳೆಯರಲ್ಲೊಬ್ಬರು ಮುಸಿಮುಸಿ ನಕ್ಕರು. ಅಬ್ಬಾ ಅವರಿಗೆ ಆ ನಗು ಚುಚ್ಚಿರಬೇಕು.

"ಪರದೆ ಹಿಂದ ಕುಂತು ನೋಡಿದ್ದು ನೋಡಿದ್ದಲ್ಲ ಬಿಡು," ಅಂದುಬಿಟ್ಟರು.

ಆ ಕಡೆ ರೊಟ್ಟಿಯ ಸದ್ದು ನಿಂತಿತು. ಅವಳ ದನಿ ಬಂತು, ಮೆಲ್ಲಗೆ.

"ಹಿಂದ ಕುಂಡ್ರು ಅಂದವರು ಯಾರು? ನಾನಾಗಿ ಕೇಳಿ ಹೋಗಿ ಕುಂತೆನೇನು?"

ಅಷ್ಟೇ. ಅಂದಿನಿಂದ ಅವರಿಬ್ಬರೂ ಮಾತು ಬಿಟ್ಟರು. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಅಂಗಿಗಳಿಗೆ ಗುಂಡಿ ಹೊಲಿದಿರುತ್ತಿತ್ತು, ಮಾತು ಮಾತ್ರ ನನ್ನ ಮೂಲಕ. ನಾನು ದಸ್ತರಖಾನಿಗೂ ಪರದೆಗೂ ನಡುವೆ ಪೋಸ್ಟ್ ಆಫೀಸ್ ಆದೆ.

"ಮುನ್ನಿ, ನಿಮ್ಮ ಫುಫೂಗ ಹೇಳು, ಪಲ್ಯಕ್ಕ ಉಪ್ಪು ಕಡಿಮಿ ಆಗೇತಿ."

"ಮುನ್ನಿ, ನಿಮ್ಮ ಅಬ್ಬಾಗ ಹೇಳು, ಉಪ್ಪು ಅವನ ಎಡಗೈ ಕಡೆ ಐತಿ. ಎಡಗೈ ಯಾವುದು ಗೊತ್ತಿದ್ರ ತಗೋಳಾಕ ಹೇಳು."

ನನಗೆ ಇದಕ್ಕೆಲ್ಲ ಉತ್ತರ ಗೊತ್ತಿತ್ತು, ಯೂ ಸೀ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಕನ್ನಡಿ ತಂದು ಮಿರರ್ ಇಮೇಜ್ ಎಂದರೇನು ಎಂದು ತೋರಿಸಿದ್ದರು. ಒಂದು ಕಾಗದದ ಮೇಲೆ ಒಂಟಿಗೈಯ ಉಡದಪ್ಪನನ್ನು ಬರೆದು, ಆರಪಾರು ಕಾಣಲೆಂದು ಶೇಂಗಾ ಎಣ್ಣೆ ಸವರಿ, ಮಾಳಿಗೆಯ ಬೆಳಕಿಂಡಿಯ ಕೆಳಗೆ ಹಿಡಿದೆ. ಈ ಕಡೆಯಿಂದ ಎಡಗೈ ಇಲ್ಲ, ತಿರುಗಿಸಿದರೆ ಬಲಗೈ ಇಲ್ಲ. ಅಬ್ಬಾ ಅವರನ್ನು ಕರೆದೆ, ಫುಫುವನ್ನು ಕರೆದೆ. ಇಬ್ಬರೂ ಬಂದು ನೋಡಿದರು, ಒಬ್ಬರನ್ನೊಬ್ಬರು ನೋಡದೆ.

"ಇಬ್ಬರದೂ ಖರೆ," ಅಂದೆ ಹೆಮ್ಮೆಯಿಂದ.

ಅಬ್ಬಾ ನನ್ನ ತಲೆ ನೇವರಿಸಿದರು. "ಶಾಣೇಕಿ ಇದ್ದಿ. ಆದ್ರ ನೀ ಚಿತ್ರ ಬರದದ್ದು ಯಾವ ಕಡೆ? ಈ ಕಡೆ. ಅಂದಮ್ಯಾಲೆ ಈ ಕಡೇದ ಖರೆ. ಆ ಕಡೇದು ಅದರ ನೆರಳು."

ಫುಫು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಒಲೆಯ ಪಕ್ಕ ಇಟ್ಟಳು. "ಕೇಳಿದ್ಯಾ? ಇಷ್ಟು ವರ್ಷ ನಾ ಈ ಮನ್ಯಾಗ ನೋಡಿದ್ದು ಕೇಳಿದ್ದು ಎಲ್ಲಾ ನೆರಳ ಆತು."

ಸೈನ್ಸ್ ಜಗಳ ಬಿಡಿಸುತ್ತದೆ ಎಂದು ನಂಬಿದ್ದೆ, ಅದು ಜಗಳಕ್ಕೆ ಇನ್ನಷ್ಟು ಬೇರು ಕೊಟ್ಟಿತು. ಜಗಳ ಉಡದ ಕೈಯದ್ದಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ಎರಡು ದಿನದ ಮೇಲೆ ಫುಫು ತನ್ನ ಟ್ರಂಕನ್ನು ಅಟ್ಟದಿಂದ ಇಳಿಸಿ ಅಂಗಳದಲ್ಲಿ ಬಿಸಿಲಿಗೆ ಒಡ್ಡಿದಳು. ತಿಗಣೆ ಹೋಗಲೆಂದು ಇರಬೇಕು ಎಂದುಕೊಂಡೆ. ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಅವಳೇ ಹೇಳಿದಳು:

"ನಿನ್ನ ಸೂಟಿ ಮುಗದು ನಿನ್ನ ಬಸ್ಸಿಗೆ ಹತ್ತಿಸಿ ಬಂದು, ಆಮ್ಯಾಲೆ ನಾನೂ ಇಂಡಿಗೆ ಹೋಗ್ತೇನಿ. ಮೈದುನ ಕರ್ಯಾಕತ್ತಾನ. ಅಲ್ಲೂ ರೊಟ್ಟಿ ಬಡಿಯೂದ ಐತಿ, ಆದ್ರ ಅಲ್ಲಿ ಯಾರೂ ನನ್ನ ತಮ್ಮ ಅಲ್ಲ. ಅವರು ಏನ ಅಂದ್ರೂ ಮನಸಿಗೆ ಹತ್ತೂದಿಲ್ಲ."

"ಮುಂದಿನ ಸೂಟಿಗೆ ನಾ ಬಂದ್ರ?"

"ನಿಮ್ಮ ಅಬ್ಬಾ ಇರ್ತಾನಲ್ಲ."

ಅಬ್ಬಾ ಇರುತ್ತಾರೆ, ಆದರೆ ಆ ಪರದೆಯ ಆ ಕಡೆ ಯಾರೂ ಇರುವುದಿಲ್ಲ. ಆ ಮಾತಾದ ಮೇಲೆ ನಾನು ರಾತ್ರಿ ಅವಳ ಬಗಲಲ್ಲಿ ಮಲಗಿ ಸೆರಗಿನ ತುದಿಯನ್ನು ನನ್ನ ಬೆರಳಿಗೆ ಸುತ್ತಿಕೊಳ್ಳತೊಡಗಿದೆ. ಬೋರ್ಡಿಂಗಿನಲ್ಲಿ ಕಲಿತ ಪ್ರೇಯರ್, ಮನೆಯಲ್ಲಿ ಕಲಿತ ದುವಾ ಎರಡನ್ನೂ ಹೇಳುತ್ತಿದ್ದೆ. ಯಾವುದು ತಲುಪುತ್ತದೋ ತಲುಪಲಿ ಎಂದು. ಅಬ್ಬಾ ಅವರಿಗೆ ಇಂಡಿಯ ಸುದ್ದಿ ಮುಟ್ಟಿಸಿದವಳೂ ನಾನೇ. ಅವರು ಕೇಳಿ ಲೋಡಿಗೆ ಒರಗಿದರು. ಆ ಸಂಜೆ ತಂಬಿನ ಕಡೆ ಹೋಗಿ ಹೋದದ್ದು ಯಾವ ಕೈ ಎಂದು ಮೈಕಿನ ಮಾಸ್ತರನನ್ನೇ ಕೇಳಿದರಂತೆ. ಅವನೇ ಬಜಾರದ ತುಂಬ ಹೇಳಿಕೊಂಡು ತಿರುಗಿದ: "ನಾ ಪರದೆಗೆ ಬೆನ್ನು ಮಾಡಿ ಮಂದಿ ಮಾರಿ ನೋಡ್ತಿರ್ತೇನ್ರಿ ಸಾಹುಕಾರ್ರ. ಅವರು ನಕ್ಕರ ನಗಸ್ತೇನಿ, ಅತ್ತರ ಅಳಸ್ತೇನಿ. ಉಡದ ಕೈ ಯಾರ ನೋಡ್ಯಾರ."

ನನ್ನ ಸೂಟಿ ಇನ್ನೇನು ಮುಗಿಯಬೇಕು ಎನ್ನುವಾಗ ಎರಡನೇ ಭಾಗ ಬಂತು. ರೀಲಿನ ಪೆಟ್ಟಿಗೆಗಳು ಮುದ್ದೇಬಿಹಾಳದ ಬಸ್ಸಿನ ತಲೆಯ ಮೇಲೆ ಬಂದದ್ದನ್ನು ಇಡೀ ಓಣಿ ನಿಂತು ನೋಡಿತು. ಫುಫು ಬರುವುದಿಲ್ಲ ಎಂದವಳು, ಪಕ್ಕದ ಮನೆಯ ಹೆಂಗಸರು ಕರೆಯಲು ಬಂದಾಗ ಬುರ್ಖಾ ಹಾಕಿಕೊಂಡು ನಿಂತಿದ್ದಳು.

"ಆ ಪ್ರಾಣಿ ಹೆಂಗ ಉಣ್ತೈತಿ, ಅದೊಂದು ನೋಡಿ ಬರ್ತೇನಿ," ಅಂದಳು, ತನಗೆ ತಾನೇ ಎಂಬಂತೆ.

ಈ ಸಲ ಅಬ್ಬಾ ನನ್ನ ಕೈ ಹಿಡಿದು ಮುಂದೆ ಕರೆದುಕೊಂಡು ಹೋದರು. ಕುರ್ಚಿಯಲ್ಲಿ ಕೂತು ಮೊದಲ ಸಲ ತೆರೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ನೇರವಾಗಿ ಓದಿದೆ. ಉಡದಪ್ಪ ಕೆರೆಯಿಂದ ಎದ್ದು ಬಂದ. ಮೊದಲಿಗಿಂತ ದಪ್ಪವಾಗಿದ್ದ, ಮೊಣಕಾಲಿಗೆ ತೇಪೆ ಹಾಕಿದ್ದರು. ಒಂದು ಮದುವೆಯ ಊಟಕ್ಕೆ ನುಗ್ಗಿ, ಇದ್ದ ಒಂದೇ ಕೈಯಿಂದ ದೊಡ್ಡ ಕೇಕನ್ನು ಎತ್ತಿ ತಿನ್ನಲು ಹೋಗಿ ಮಾರಿಗೆಲ್ಲ ಮೆತ್ತಿಕೊಂಡ. ಜನ ಹೊಟ್ಟೆ ಹಿಡಿದು ನಕ್ಕರು. ಅಬ್ಬಾ ನಗಲಿಲ್ಲ. ನಾನು ಅವರ ಮುಖ ನೋಡಿದೆ, ಆಮೇಲೆ ತೆರೆ ನೋಡಿದೆ. ಉಡದಪ್ಪ ತಿನ್ನುತ್ತಿದ್ದದ್ದು ಎಡಗೈಯಲ್ಲಿ. ಹೋದದ್ದು ಬಲಗೈ.

ಮಧ್ಯಂತರದಲ್ಲಿ ನಾನು ಹಿಂಬಾಗಿಲಿನಿಂದ ಫುಫುವಿನ ಬಳಿ ಓಡಿದೆ, ಉಳಿದರ್ಧ ಅಲ್ಲೇ ನೋಡಿದೆ. ಅಲ್ಲಿ ಎಡಗೈ ಇರಲಿಲ್ಲ, ಬಲಗೈ ದಿಟವಾಗಿ ಇತ್ತು. ಆಗ ತಿಳಿಯಿತು. ಸಿನೆಮಾ ಮಾಡಿದವರೇ ಮರೆತಿದ್ದಾರೆ. ಮೊದಲ ಭಾಗದಲ್ಲಿ ಒಂದು ತೋಳು ಕಿತ್ತಿದ್ದಾರೆ, ಎರಡನೇ ಭಾಗಕ್ಕೆ ಬರುವಷ್ಟರಲ್ಲಿ ಯಾವುದು ಎಂದು ನೆನಪಿಲ್ಲದೆ ಇನ್ನೊಂದನ್ನು ಕಿತ್ತಿದ್ದಾರೆ. ಈಗ ನನ್ನ ಮೊಮ್ಮಕ್ಕಳು ಇದನ್ನು ಕಂಟಿನ್ಯುಟಿ ಮಿಸ್ಟೇಕ್ ಎಂದು ಕರೆದು ಕೈ ಬಡಿದು ನಗುತ್ತಾರೆ.

ಮರುದಿನ ಬೆಳಿಗ್ಗೆ ಅಬ್ಬಾ ನಾಷ್ಟಾಕ್ಕೆ ಕೂತರು. ನನ್ನನ್ನು ಕರೆಯಲಿಲ್ಲ. ಪರದೆಯ ಕಡೆ ಮುಖ ಮಾಡಿ, ಎಷ್ಟೋ ದಿನದ ಮೇಲೆ, ನೇರವಾಗಿ ಕರೆದರು.

"ಆಪಾ."

ಒಳಗೆ ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು.

"ಆಪಾ, ನೀ ಹೇಳಿದ್ದ ಖರೆ ಇತ್ತು. ಬಲಗೈನ ಹೋಗೇತಿ. ನಿನ್ನೆ ನೋಡ್ದೆ. ಎಡಗೈಲೆ ಉಣ್ಣಾಕತ್ತಿದ್ದ, ಬಾಯಿಗೆ ಹತ್ತಲಿಲ್ಲ ಅವಗ. ಮಂದಿ ನಗಾಕತ್ತಿದ್ರು, ನನಗ ನಗಿ ಬರಲಿಲ್ಲ."

ಪರದೆ ಸರಿಯಿತು. ಫುಫು ಹಿಟ್ಟಿನ ಕೈಯಲ್ಲೇ ಈಚೆ ಬಂದು ನಿಂತಳು.

"ಇಲ್ಲೋ ತಮ್ಮಾ. ನಿಂದ ಖರೆ. ನಾನ ತಪ್ಪು ನೋಡಿದ್ದೆ. ನಿನ್ನೆ ಬಲಗೈಲೆನ ಉಂಡ, ನಾ ಕಣ್ಣಾರೆ ನೋಡೇನಿ. ಎಡಗೈನ ಹೋಗೇತಿ ಅವಂದು. ನೋಡಿ ನನಗ ಸಮಾಧಾನ ಆತು."

"ಏ ಇಲ್ಲ ಆಪಾ, ಬಲಗೈ."

"ಎಡಗೈ ಅಂತೇನಿ. ನೀ ಯಾವತ್ತೂ ಹಿಂಗ, ಹೇಳಿದ್ದು ಕೇಳೂದಿಲ್ಲ."

ಇಬ್ಬರ ದನಿಯೂ ಏರಿತು. ಒಬ್ಬರು ಮತ್ತೊಬ್ಬರದೇ ಸರಿ ಎಂದು ಹಟ ಹಿಡಿದು ಜಗಳಾಡುವುದನ್ನು ನಾನು ಮೊದಲ ಸಲ ನೋಡಿದ್ದು ಆ ಬೆಳಿಗ್ಗೆ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು.

"ಮುನ್ನಿ, ನೀ ಮುಂದನೂ ಕುಂತಿದ್ದಿ, ಹಿಂದನೂ ಕುಂತಿದ್ದಿ. ನೀ ಹೇಳು," ಅಂದರು ಅಬ್ಬಾ.

ಹೇಳಲು ಬಹಳವಿತ್ತು. ಎಣ್ಣೆಕಾಗದ, ಕನ್ನಡಿ, ಸಿನೆಮಾದವರ ಮರೆವು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಸಿಸ್ಟರ್ ಕೇಳಿದ್ದರೆ ಎದ್ದು ನಿಂತು ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ. ಅಬ್ಬಾ ಅವರ ಮುಂದೆ ತಣ್ಣಗಾಗುತ್ತಿದ್ದ ರೊಟ್ಟಿ ನೋಡಿದೆ. ಪರದೆಯಿಂದ ಈಚೆ ಬಂದು ನಿಂತ ಫುಫುವನ್ನು ನೋಡಿದೆ.

"ಇಬ್ಬರದೂ ಖರೆ," ಅಂದೆ.

ಮೊದಲ ಸಲ ಹೇಳಿದ ಅದೇ ಮಾತು. ಆಗ ಅದು ಲೆಕ್ಕಕ್ಕೆ ಬಂದಿರಲಿಲ್ಲ, ಏಕೆಂದರೆ ಇಬ್ಬರೂ ಗೆಲ್ಲಲು ಕೂತಿದ್ದರು. ಈಗ ಇಬ್ಬರೂ ಸೋಲಲು ಬಂದಿದ್ದರು.

"ಬೆಳಗಾಂವಿ ಸಾಲ್ಯಾಗ ಇಕಿಗೆ ವಕೀಲಕಿ ಕಲಿಸ್ಯಾರ," ಎಂದು ಫುಫು ನಕ್ಕಳು. ಅಬ್ಬಾ ನಗಲಿಲ್ಲ. ರೊಟ್ಟಿಯ ಅಂಚು ಮುರಿಯುತ್ತಾ ಕೆಳಗೆ ನೋಡಿಕೊಂಡೇ ಅಂದರು:

"ಕೈ ಸುದ್ದಿ ಬಿಡು ಆಪಾ. ಹಿಂದ ಕುಂತು ನೋಡಿದ್ದು ನೋಡಿದ್ದಲ್ಲ ಅಂದೆನಲ್ಲ, ಮಂದಿ ಮುಂದ. ಅದು ಅನ್ನಬಾರದಿತ್ತು."

ಫುಫು ಒಳಗೆ ಹೋಗಿ ಬಿಸಿ ರೊಟ್ಟಿ ತಂದು, ತಣ್ಣಗಾದದ್ದನ್ನು ಎತ್ತಿ, ಅವರ ಮುಂದೆ ಇಟ್ಟಳು. ನನ್ನನ್ನು ಬಸ್ಸಿಗೆ ಹತ್ತಿಸುವ ದಿನ ಆ ಟ್ರಂಕು ನನ್ನ ಜೊತೆ ಬಂತು. ನಿನ್ನ ಪೆಟ್ಟಿಗೆಯ ಕೀಲು ಸಡಿಲಾಗಿದೆ, ಇದನ್ನು ಒಯ್ಯಿ, ನನಗೇನೂ ಕೆಲಸವಿಲ್ಲ ಇದರದು, ಎಂದಳು.

ಮಕ್ಕಳು ಕೇಳುತ್ತಾರೆ, ಇಷ್ಟು ಓದಿಕೊಂಡವಳು, ಆಫ್ ಕೋರ್ಸ್ ಒಳ್ಳೆಯ ಸಿನೆಮಾ ಯಾವುದೆಂದು ಗೊತ್ತಿರುವವಳು, ಟೀವಿಯಲ್ಲಿ ಇಂಥ ರಬ್ಬರ್ ರಾಕ್ಷಸರ ಭಾಗ ಮೂರು, ಭಾಗ ನಾಲ್ಕು ಬಂದರೆ ಊಟ ಬಿಟ್ಟು ಕೂರುವುದೇಕೆ ಎಂದು. ನನಗೆ ಪೂರ್ತಿ ಉತ್ತರ ಗೊತ್ತಿಲ್ಲ. ದೊಡ್ಡ ಕತೆಗಳಲ್ಲಿ ಸತ್ತವರು ಸತ್ತೇ ಹೋಗುತ್ತಾರೆ, ಆಡಿದ ಮಾತು ಆಡಿದಂತೆಯೇ ಉಳಿಯುತ್ತದೆ. ಈ ಬಡ ಸೀಕ್ವೆಲ್‌ಗಳಲ್ಲಿ ಹಾಗಿಲ್ಲ. ಕೊನೆ ಎಂದು ಬರೆದ ಮೇಲೂ ನೀರಿನಲ್ಲಿ ಗುಳ್ಳೆ ಏಳುತ್ತದೆ. ಮೊದಲ ಸಲ ಹೆದರಿಸಿದವನು ಎರಡನೇ ಸಲ ಬರುವಾಗ ಮೊಣಕಾಲಿಗೆ ತೇಪೆ ಹಾಕಿಕೊಂಡು ಬರುತ್ತಾನೆ, ನಾವೂ ಅವನ ಪರಿಚಯದವರಂತೆ ಸರಿದು ಕೂರುತ್ತೇವೆ. ತಪ್ಪು ಮಾಡಿದವರಿಗೂ ತಪ್ಪು ನೋಡಿದವರಿಗೂ ಇನ್ನೊಂದು ಆಟವಿರುತ್ತದೆ.

ಮೂರನೇ ಭಾಗ ಬಂದದ್ದು ಮುಂದಿನ ಬೇಸಿಗೆಗೆ. ಅಬ್ಬಾ ಮನೆಯಿಂದ ಹೊರಡುವ ಮುಂಚೆ ಪರದೆಯ ಬಳಿ ಬಂದು ನಿಂತರು.

"ಆಪಾ, ಈ ಸಲ ಮುಂದ ಕುಂಡ್ರತೀಯೇನು? ಬದಿಗೆ ಕುರ್ಚಿ ಹಾಕಸ್ತೇನಿ. ಯಾರ ಏನ ಅಂತಾರ, ನಾ ನೋಡ್ಕೋತೇನಿ."

ಫುಫು ಬಂದಳು. ಬುರ್ಖಾದೊಳಗೆ ನೆಟ್ಟಗೆ, ಕುರ್ಚಿಯ ಅಂಚಿನಲ್ಲಿ, ಅಬ್ಬಾ ಅವರ ಪಕ್ಕ ಕೂತಳು. ಮುಂದಿನವರು ತಿರುಗಿ ತಿರುಗಿ ನೋಡಿದರು, ಅಬ್ಬಾ ಅವರನ್ನು ನೋಡಿ ಮತ್ತೆ ತೆರೆಯ ಕಡೆ ತಿರುಗಿದರು. ಒಂದು ರೀಲು ಮುಗಿಯುವಷ್ಟರಲ್ಲಿ ಅವಳು ನನ್ನ ತೋಳು ಹಿಡಿದಳು.

"ನಡಿ ಮುನ್ನಿ, ಹಿಂದ ಹೋಗೂಣು. ಇಲ್ಲಿ ಮಂದಿ ತಲಿನ ಕಾಣ್ತಾವ. ಅಲ್ಲಿ ಗಾಳಿನೂ ಬರ್ತೈತಿ, ಕಾಲು ಚಾಚಾಕೂ ಜಾಗ ಐತಿ."

"ನಿನ್ನ ಖುಷಿ," ಅಂದರು ಅಬ್ಬಾ.

ಹಿಂದೆ ಚಾಪೆಯ ಮೇಲೆ ಅವಳ ಗೆಳತಿಯರು ಸರಿದು ಜಾಗ ಕೊಟ್ಟರು. ನಾವು ಕೂರುವುದಕ್ಕೂ ಉಡದಪ್ಪ ಬೆಟ್ಟದ ಹಿಂದಿನಿಂದ ಎದ್ದು ಬರುವುದಕ್ಕೂ ಸರಿಹೋಯಿತು. ಅವನಿಗೆ ಎರಡೂ ಕೈ ಇದ್ದವು. ಎಲ್ಲಿಂದ ಬಂದವು, ಯಾರು ಕೊಟ್ಟರು, ಸಿನೆಮಾ ಒಂದು ಮಾತೂ ಹೇಳಲಿಲ್ಲ. ಮಾಸ್ತರನೂ ಹೇಳಲಿಲ್ಲ. ತೆರೆಯ ಆ ಕಡೆ ಎಲ್ಲರಿಗಿಂತ ಮೊದಲು ಅಬ್ಬಾ ನಕ್ಕದ್ದು ನನಗೆ ಕೇಳಿಸಿತು. ಫುಫು ಬುರ್ಖಾದ ತುದಿಯಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು, ಈ ಕಡೆ ನಕ್ಕಳು. ಮನೆಗೆ ಬಂದು ಊಟಕ್ಕೆ ಕೂತಾಗ ಆ ಕೈಗಳ ಸುದ್ದಿಯನ್ನು ನಮ್ಮಲ್ಲಿ ಯಾರೂ ಎತ್ತಲಿಲ್ಲ.